ನಲ್ಲಿಯ ಬಿಳಿ ಕಲೆ ಹೋಯ್ತು, ಉಪ್ಪು ಎಲ್ಲಿಗೆ ಹೋಯ್ತು?

ಕನಕಪುರ ರಸ್ತೆಯಲ್ಲಿ ತಲಘಟ್ಟಪುರ ದಾಟಿ ಸ್ವಲ್ಪ ಮುಂದೆ ಹೋದರೆ ತಾತಗುಣಿ. ತೊರೆಕಾಡನಹಳ್ಳಿಯಿಂದ ಹೊರಟ ಕಾವೇರಿ ನೀರು ಹಾರೋಹಳ್ಳಿಯಲ್ಲಿ, ಆಮೇಲೆ ತಾತಗುಣಿಯಲ್ಲಿ ಮತ್ತೆ ಪಂಪ್ ಆಗಿ ಬೆಂಗಳೂರಿಗೆ ಏರೋದು ಇದೇ ದಾರಿಯಲ್ಲಿ. ಅಂದರೆ ದಶಕಗಳಿಂದ ಕಾವೇರಿ ಈ ಊರಿನ ಪಕ್ಕದಲ್ಲೇ ಹಾದು ಹೋಗ್ತಿದೆ. 2021ರ ಜನವರಿಯಲ್ಲಿ ಮೆಟ್ರೋ ಕೂಡ ಬಂತು. ಆದರೆ ಇಲ್ಲಿ ಎದ್ದ ಎಷ್ಟೋ ಅಪಾರ್ಟ್‌ಮೆಂಟುಗಳು ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡು.

ಬೋರ್ ನೀರು ಅಂದ್ರೆ ಗಡಸು ನೀರು. ನಲ್ಲಿ ಮೇಲೆ ಬಿಳಿ ಕಲೆ, ಗೀಸರ್ ಕಾಯಿಲ್‌ಗೆ ಸುಣ್ಣದ ಪದರ, ನೊರೆ ಬಾರದ ಸೋಪು. ಕಾರಣ, ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಭಾರತೀಯ ಮಾನಕ ಐಎಸ್ 10500 ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಇದಕ್ಕೆ ಅಪಾರ್ಟ್‌ಮೆಂಟುಗಳು ಕಂಡುಕೊಂಡಿರುವ ಪರಿಹಾರ ಬೇಸ್‌ಮೆಂಟಿನಲ್ಲಿ ನಿಂತಿರುವ ಸಾಫ್ಟ್ನರ್: ಒಂದು ಎತ್ತರದ ಟ್ಯಾಂಕು, ಒಳಗೆ ಸಾಸಿವೆಗಿಂತ ಚಿಕ್ಕ ಹಳದಿ ಮಣಿಗಳು, ಪಕ್ಕದಲ್ಲಿ ಉಪ್ಪಿನ ಮೂಟೆಗಳು.

ನಾನು ಓದಿದ್ದು ಎಂಜಿನಿಯರಿಂಗ್, ಮಾಡ್ತಿರೋದು ಪತ್ರಿಕೋದ್ಯಮ. ಈ ಮಣಿಗಳ ಬಗ್ಗೆ ಬರೀಬೇಕು ಅನ್ನಿಸಿದ್ದಕ್ಕೆ ಎರಡೂ ಕಾರಣ. ಮಣಿ ಒಳಗೆ ನಡೆಯೋದು ಸೊಗಸಾದ ವಿಜ್ಞಾನ. ಮಣಿಯಿಂದ ಹೊರಗೆ ಹೋಗೋದು ರಾಜಕೀಯದ ಪ್ರಶ್ನೆ.

ನೀರು ಕುಡಿಯುವ ಪ್ಲಾಸ್ಟಿಕ್

ಈ ಮಣಿಯ ಮೂಲ ವಸ್ತು ಪಾಲಿಸ್ಟೈರೀನ್. ನಮ್ಮ ಥರ್ಮಾಕೋಲ್ ಆಗಿರೋದೂ ಅದರಿಂದಲೇ. ಥರ್ಮಾಕೋಲ್ ನೀರಿನ ಮೇಲೆ ತೇಲುತ್ತೆ, ಹೀರಲ್ಲ. ಆದರೆ ಅದೇ ಪಾಲಿಮರ್ ಸರಪಳಿಗೆ ಸಲ್ಫೋನಿಕ್ ಗುಂಪುಗಳನ್ನು ಅಂಟಿಸಿದರೆ ಗುಣವೇ ಬದಲಾಗುತ್ತದೆ. ಪ್ರತಿ ಗುಂಪಿಗೂ ಒಂದು ಋಣ ವಿದ್ಯುದಂಶ. ಅದು ಸರಪಳಿಗೆ ಅಂಟಿಕೊಂಡಿದೆ, ಎಲ್ಲೂ ಹೋಗೋಹಾಗಿಲ್ಲ. ಅದರ ಜೋಡಿಯಾಗಿ ಓಡಾಡಿಕೊಂಡಿರೋದು ಸೋಡಿಯಂ ಅಯಾನು.

ಅಯಾನುಗಳಿಗೆ ನೀರೆಂದರೆ ಪ್ರಾಣ. ಮಣಿ ಒಳಗೆ ಅಯಾನು ದಟ್ಟವಾಗಿದ್ದು ಹೊರಗೆ ಕಡಿಮೆ ಇದ್ದರೆ, ನೀರು ಒಳಗೆ ನುಗ್ಗುತ್ತದೆ, ಮಣಿ ಊದಿಕೊಳ್ಳುತ್ತದೆ. ತಡೆಯಿಲ್ಲದೆ ಊದಿದರೆ ಪಾಲಿಮರ್ ನೀರಲ್ಲೇ ಕರಗಿಹೋಗುತ್ತೆ. ಹಾಗಾಗಬಾರದು ಅಂತ ಸರಪಳಿಗಳ ನಡುವೆ ಅಡ್ಡ ಕೊಂಡಿಗಳನ್ನು ಹಾಕಿ ಬಲೆ ಹೆಣೆದಿರುತ್ತಾರೆ. ಇಷ್ಟಾದ ಮೇಲೂ, ಮಾಮೂಲಿ ಸಾಫ್ಟ್ನರ್ ಮಣಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ.

ಮಗುವಿನ ಡೈಪರ್ ಗೊತ್ತಲ್ಲ? ಅದರೊಳಗಿನ ಪುಡಿಯೂ ಅಯಾನು ಹೊತ್ತ ಪಾಲಿಮರೇ. ಅಲ್ಲಿ ಕೊಂಡಿಗಳು ತೀರಾ ಕಡಿಮೆ, ಹಾಗಾಗಿ ತನ್ನ ತೂಕದ ನೂರಾರು ಪಟ್ಟು ಶುದ್ಧ ನೀರು ಹೀರುತ್ತದೆ. ಆದರೆ ಮುಟ್ಟಿದರೆ ಮೆತ್ತಗಿನ ಜೆಲ್ಲಿ. ಆ ಜೆಲ್ಲಿ ಮೇಲೆ ಒಂದು ಚಮಚ ಉಪ್ಪು ಹಾಕಿ ನೋಡಿ, ನೀರು ಬಿಟ್ಟುಕೊಡುತ್ತೆ. ಹೆಚ್ಚು ನೀರು ಹೀರಿದರೆ ಬಲ ಕಡಿಮೆ, ಕೊಂಡಿ ಹೆಚ್ಚಾದರೆ ಹೀರುವುದು ಕಡಿಮೆ. ಈ ಬಗೆಯ ಪಾಲಿಮರ್‌ಗಳ ವಿಜ್ಞಾನವೆಲ್ಲ ಈ ಎರಡರ ನಡುವಿನ ಚೌಕಾಸಿ.

ಇದೇ ಬಗೆಯ ವಸ್ತುವನ್ನು ತೆಳು ಹಾಳೆಯಾಗಿ ಮಾಡಿದರೆ ಮೆಂಬ್ರೇನ್. 2024ರ ಜನವರಿ 1ರಂದು ಪಿಎಸ್‌ಎಲ್‌ವಿ-ಸಿ58 ಜೊತೆ ಇಸ್ರೋ ಕಳಿಸಿದ ಇಂಧನ ಕೋಶದೊಳಗೆ ಇದ್ದದ್ದು ಅಂಥದ್ದೇ ಹಾಳೆ. ಹೈಡ್ರೋಜನ್, ಆಮ್ಲಜನಕದಿಂದ ಅದು 180 ವ್ಯಾಟ್ ವಿದ್ಯುತ್ ಕೊಟ್ಟಿತು. ಈ ಹಾಳೆ ಒಣಗಿದರೆ ಪ್ರೋಟಾನ್‌ಗಳು ದಾಟೋದಕ್ಕೆ ದಾರಿಯೇ ಇರಲ್ಲ. ಅತಿಯಾಗಿ ಊದಿದರೆ ಹಾಳೆ ಸಡಿಲವಾಗಿ ಹರಿಯುತ್ತೆ. ಹಸಿರು ಹೈಡ್ರೋಜನ್ ಬಗ್ಗೆ ಸರ್ಕಾರಗಳು ಮಾಡೋ ಭಾಷಣಗಳ ಹಿಂದೆಯೂ ಇದೇ ಚೌಕಾಸಿ ಇದೆ.

ಉಪ್ಪಿನ ಲೆಕ್ಕ

ಈಗ ಬೇಸ್‌ಮೆಂಟಿಗೆ ವಾಪಸ್ ಬರೋಣ. ಗಡಸು ನೀರು ಮಣಿಗಳ ಮೂಲಕ ಹರಿಯುವಾಗ ಎರಡು ವಿದ್ಯುದಂಶವಿರುವ ಕ್ಯಾಲ್ಸಿಯಂ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಅದರ ಬದಲಿಗೆ ಎರಡು ಸೋಡಿಯಂ ಹೊರಬರುತ್ತವೆ. ನೀರು ಶುದ್ಧವಾಗಲಿಲ್ಲ, ಅದಲುಬದಲಾಯಿತು ಅಷ್ಟೇ. ಮಣಿಗಳು ಕ್ಯಾಲ್ಸಿಯಂನಿಂದ ತುಂಬಿದಾಗ ಗಟ್ಟಿ ಉಪ್ಪುನೀರು ಹಾಯಿಸಿ ಅದನ್ನು ತಳ್ಳಿಹಾಕಬೇಕು. ಪ್ರತಿ ಸಲ ಉಪ್ಪುನೀರಿನಲ್ಲಿ ಮಣಿ ಕುಗ್ಗುತ್ತೆ, ತೊಳೆದಾಗ ಮತ್ತೆ ಊದುತ್ತೆ. ಹೀಗೆ ಕುಗ್ಗಿ ಊದಿ ವರ್ಷಗಳಲ್ಲಿ ಒಡೆಯುತ್ತದೆ. ಸಂಪಿಗೆ ಬ್ಲೀಚಿಂಗ್ ಪೌಡರ್ ಜಾಸ್ತಿ ಸುರಿದರೆ ಕ್ಲೋರಿನ್ ಆ ಅಡ್ಡ ಕೊಂಡಿಗಳನ್ನೇ ಕತ್ತರಿಸುತ್ತೆ. ಮಣಿ ಹೆಚ್ಚು ನೀರು ಕುಡಿದು ಮೆತ್ತಗಾಗುತ್ತೆ.

ಲೆಕ್ಕಕ್ಕೆ 100 ಮನೆಗಳ ಒಂದು ಅಪಾರ್ಟ್‌ಮೆಂಟ್ ತಗೊಳ್ಳಿ. ಮನೆಗೆ ದಿನಕ್ಕೆ 500 ಲೀಟರ್, ಗಡಸುತನ ಲೀಟರಿಗೆ 500 ಮಿಲಿಗ್ರಾಂ ಅಂದುಕೊಳ್ಳೋಣ. ಒಟ್ಟು 50,000 ಲೀಟರ್, ಅದರಲ್ಲಿ 25 ಕಿಲೋ ಗಡಸುತನ. ಇದನ್ನೆಲ್ಲ ತೆಗೆಯಲು ಪುಸ್ತಕದ ಲೆಕ್ಕದಲ್ಲೇ 29 ಕಿಲೋ ಉಪ್ಪು ಬೇಕು. ಯಂತ್ರ ಅಷ್ಟು ದಕ್ಷವಲ್ಲದ ಕಾರಣ ನಿಜದಲ್ಲಿ 50 ಕಿಲೋ ಹತ್ತಿರ ಹೋಗುತ್ತೆ. ದಿನಕ್ಕೆ ಒಂದು ಮೂಟೆ, ಒಂದೇ ಅಪಾರ್ಟ್‌ಮೆಂಟಿಗೆ.

ಅಷ್ಟೂ ಉಪ್ಪು ನಲ್ಲಿ ನೀರಿನ ಜೊತೆಗೋ, ತೊಳೆದ ನೀರಿನ ಜೊತೆಗೋ ಚರಂಡಿಗೆ ಸೇರುತ್ತದೆ. ಎಸ್‌ಟಿಪಿಯ ಸೂಕ್ಷ್ಮಜೀವಿಗಳು ಕೊಳೆ ತಿನ್ನುತ್ತವೆ, ಉಪ್ಪು ತಿನ್ನಲ್ಲ. ಸಂಸ್ಕರಿಸಿದ ನೀರು ತೋಟಕ್ಕೆ ಬಿಟ್ಟರೆ ಉಪ್ಪೂ ತೋಟಕ್ಕೆ. ಮಿಕ್ಕಿದ್ದು ರಾಜಕಾಲುವೆಗೆ, ಕೆರೆಗೆ.

ಅಲ್ಲಿ ಇನ್ನೊಂದು ಅದಲುಬದಲು ಕಾದಿದೆ. ಮಣ್ಣಿನ ಜೇಡಿ ಕಣಗಳಿಗೂ ಋಣ ವಿದ್ಯುದಂಶವಿದೆ. ಅಯಾನು ವಿನಿಮಯವನ್ನು ಇಂಗ್ಲೆಂಡಿನ ಜೆ. ಥಾಮಸ್ ವೇ 1850ರಲ್ಲಿ ವಿವರಿಸಿದ್ದೇ ಹೊಲದ ಮಣ್ಣಿನ ಮೇಲೆ ಪ್ರಯೋಗ ಮಾಡಿ. ಕ್ಯಾಲ್ಸಿಯಂ ಇದ್ದಾಗ ಜೇಡಿ ಕಣಗಳು ಹೊಂದಿಕೊಂಡು, ನಡುವೆ ನೀರು ಇಂಗಲು ಜಾಗ ಬಿಡುತ್ತವೆ. ಸೋಡಿಯಂ ಬಂದು ಕೂತರೆ ಅವು ಊದಿ, ಚದುರಿ, ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗಲ್ಲ. ಬೋರ್‌ವೆಲ್ ನಂಬಿರುವ ಊರಿಗೆ ಇದಕ್ಕಿಂತ ಕೆಟ್ಟ ಸುದ್ದಿ ಯಾವುದು?

ಯಾರ ಜವಾಬ್ದಾರಿ?

ಮೆತ್ತನೆಯ ನೀರು ಬೇಕು ಅನ್ನೋದು ತಪ್ಪಲ್ಲ. ಅದನ್ನು ಪ್ರತಿ ಬೇಸ್‌ಮೆಂಟಿನ ಖಾಸಗಿ ವ್ಯವಹಾರ ಮಾಡಿಬಿಟ್ಟಿದ್ದು ನೀತಿಯ ಸೋಲು. ದುಡ್ಡಿದ್ದವರು ಗಡಸುತನವನ್ನು ಉಪ್ಪಾಗಿ ಬದಲಿಸಿ ಹೊರಗೆ ಬಿಡ್ತಾರೆ. ಸಾಫ್ಟ್ನರ್ ಇಲ್ಲದ ಪಕ್ಕದ ವಠಾರದವರು ಅದೇ ನೆಲದ ಬೋರ್ ನೀರು ಎತ್ತುತ್ತಾರೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದೇ ದಿನಕ್ಕೆ 77.5 ಕೋಟಿ ಲೀಟರ್. ಕಾವೇರಿ ನೀರು ಬೋರ್ ನೀರಿಗಿಂತ ಮೆದು, ಹಾಗಾಗಿ ಪೈಪು ಮನೆಗೆ ಮುಟ್ಟಿದಷ್ಟೂ ಉಪ್ಪಿನ ಮೂಟೆ ಕಡಿಮೆಯಾಗುತ್ತೆ. ಜಲಮಂಡಳಿಯನ್ನು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಬೀದಿಗೆ ವಾರಕ್ಕೆ ಎಷ್ಟು ದಿನ, ಎಷ್ಟು ನೀರು?

ಅಲ್ಲಿಯವರೆಗೆ ನಿಮ್ಮ ಅಸೋಸಿಯೇಷನ್ ಮೀಟಿಂಗಿನಲ್ಲಿ ಕೇಳೋಕೆ ಮೂರು ಪ್ರಶ್ನೆಗಳಿವೆ. ಫ್ಲಶ್‌ಗೂ ಗಿಡಕ್ಕೂ ಸಾಫ್ಟ್ ನೀರು ಯಾಕೆ? ಗಡಸುತನವನ್ನು ಸೊನ್ನೆಗೆ ಇಳಿಸೋ ಬದಲು ಸ್ವಲ್ಪ ಬೋರ್ ನೀರು ಬೆರೆಸಿ 150ಕ್ಕೆ ನಿಲ್ಲಿಸಿದರೆ ಸಾಲದಾ? ರೆಸಿನ್ ತೊಳೆಯೋದು ಗಡಿಯಾರ ನೋಡಿಕೊಂಡಾ, ಹರಿದ ನೀರಿನ ಮೀಟರ್ ನೋಡಿಕೊಂಡಾ? ಮೇಲಿನ ಲೆಕ್ಕದ ಅಪಾರ್ಟ್‌ಮೆಂಟು 150ಕ್ಕೆ ನಿಲ್ಲಿಸಿದರೆ ಅದೊಂದರಿಂದಲೇ ದಿನದ 50 ಕಿಲೋ 35ಕ್ಕೆ ಇಳಿಯುತ್ತದೆ. ತಿಂಗಳಿಗೆ ಒಂಬತ್ತು ಮೂಟೆ ಕಡಿಮೆ.