ಮನೆಯೊಳಗೊಂದು ಚಿತ್ರಭಂಡಾರ

ಒಂದು ಕಾಲಕ್ಕೆ ಮನೆತನದ ನೆನಪುಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಅಡಕವಾಗಿರುತ್ತಿದ್ದುವು. ಮದುವೆಯ ನಾಲ್ಕಾರು ಭಾವಚಿತ್ರಗಳು, ಹಿರಿಯರು ಬರೆದ ಕಾಗದಗಳು, ಜಾತಕದ ಸುರುಳಿಗಳು, ಇಷ್ಟೇ ಅದರ ಸಂಪತ್ತು. ಇಂದಾದರೋ ಮಗುವಿನ ಮೊದಲ ಹುಟ್ಟುಹಬ್ಬ ಮುಗಿಯುವುದರೊಳಗೆ ಅದರ ಸಾವಿರಾರು ಚಿತ್ರಗಳು ಸೇರಿಬಿಟ್ಟಿರುತ್ತವೆ. ಅಜ್ಜಿ ಹೇಳಿದ ಕಥೆ, ಮಗುವಿನ ತೊದಲುನುಡಿ, ಶಾಲೆಯ ನಾಟಕ, ಕೊಂಡುತಂದ ಚಲನಚಿತ್ರಗಳು, ಹಾಡುಗಳು, ಎಲ್ಲವೂ ಅಂಕೆಗಳ ರೂಪವನ್ನು ತಾಳಿ, ಮೊಬೈಲ್ ಫೋನುಗಳಲ್ಲಿಯೂ ಹಳೆಯ ಗಣಕಗಳಲ್ಲಿಯೂ ಚದುರಿಕೊಂಡಿರುತ್ತವೆ. ಇವನ್ನು ಒಂದೆಡೆ ಕೂಡಿಸಿ, ಮನೆಯವರು ಕೇಳಿದಾಗ ಕೇಳಿದ್ದನ್ನು ಒದಗಿಸುವ ಯಂತ್ರಕ್ಕೆ ಮೀಡಿಯಾ ಸರ್ವರ್ ಎಂದು ಹೆಸರು. ಹೋಟೆಲಿನಲ್ಲಿ ತಿಂಡಿಯನ್ನು ತಂದಿಡುವವನನ್ನು ಸರ್ವರ್ ಎಂದು ಕರೆಯುವುದಿಲ್ಲವೆ? ಇದರ ಕೆಲಸವೂ ಅಂಥದೇ.

ನಮ್ಮ ಮನೆಯಲ್ಲಿ ಇಂಥ ಯಂತ್ರವೊಂದು ಪುಸ್ತಕದ ಕಪಾಟಿನ ಕೆಳಗಿನ ಅಂತಸ್ತಿನಲ್ಲಿದೆ. ಹಳೆಯದಾಯಿತೆಂದು ಕಚೇರಿಯೊಂದು ಮಾರಿದ ಗಣಕ. ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕುಗಳು. ಅದನ್ನು ನಡೆಸುವುದು ಲಿನಕ್ಸ್. ಚಿತ್ರಗಳನ್ನು ವಿಂಗಡಿಸಿ ಟೆಲಿವಿಷನ್ನಿನ ತೆರೆಗೆ ಕಳುಹಿಸುವುದು 2018ರಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದ ಜೆಲ್ಲಿಫಿನ್. ಇವೆರಡೂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ, ಬಲ್ಲವರು ತಿದ್ದಲೂಬಹುದಾದ ತಂತ್ರಾಂಶಗಳು. ಯಂತ್ರವು ಹಗಲಿರುಳೂ ನಡೆಯುತ್ತದೆ. ಅದು 40 ವಾಟ್ ವಿದ್ಯುತ್ತನ್ನು ಬಳಸುವುದೆಂದರೆ, ತಿಂಗಳಿಗೆ ಸುಮಾರು 29 ಯೂನಿಟ್ಟುಗಳ ಖರ್ಚು. ಇದನ್ನು ನೋಡಿಕೊಳ್ಳುವುದು ತಂದೆತಾಯಿಗಳಿಗೆ ಹವ್ಯಾಸವೆಂದು ಮೊದಲಾಗುತ್ತದೆ. ಕೆಲವೇ ದಿನಗಳಲ್ಲಿ ಹೊಣೆಯಾಗಿ ಪರಿಣಮಿಸುತ್ತದೆ. ಏಕೆಂದರೆ ಕೊಂಡುತಂದ ಚಲನಚಿತ್ರವು ನಷ್ಟವಾದರೆ ಮತ್ತೊಮ್ಮೆ ಕೊಳ್ಳಬಹುದು; ತೀರಿಹೋದ ಅಜ್ಜಿಯ ಧ್ವನಿಯನ್ನು ಕೊಳ್ಳುವುದು ಎಲ್ಲಿಂದ?

ಅಂಕೆಗಳ ರಾಶಿ

ಈ ಭಂಡಾರದಲ್ಲಿ ಸ್ಥಳವೆಷ್ಟು ಬೇಕು? ಲೆಕ್ಕ ಹಾಕಿ ನೋಡೋಣ. ಇಂದಿನ ಸಾಮಾನ್ಯ ತೆರೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣವನ್ನು ತಿಳಿಸಲು ಮೂರು ಬೈಟುಗಳು ಬೇಕು. ಎಂಟು ಬಿಟ್ಟುಗಳು, ಎಂದರೆ ಸೊನ್ನೆ ಅಥವಾ ಒಂದು ಎಂಬ ಎಂಟು ಅಂಕೆಗಳು ಸೇರಿದರೆ ಒಂದು ಬೈಟ್. ಚಲನಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಗುಣಿಸಿದರೆ, ಎರಡು ಗಂಟೆಯ ಚಿತ್ರಕ್ಕೆ ಒಂದು ಲಕ್ಷ ಕೋಟಿಗೂ ಮಿಕ್ಕಿ ಬೈಟುಗಳಾಗುತ್ತವೆ! ಒಂದು ಲಕ್ಷ ಕೋಟಿ ಬೈಟುಗಳಿಗೆ ಒಂದು ಟೆರಾಬೈಟ್ ಎನ್ನುತ್ತಾರೆ.

ಅದೃಷ್ಟವಶಾತ್ ಅಷ್ಟನ್ನೂ ಬರೆದಿಡಬೇಕಾಗಿಲ್ಲ. ಒಂದು ಚಿತ್ರಕ್ಕೂ ಅದರ ಮುಂದಿನ ಚಿತ್ರಕ್ಕೂ ವ್ಯತ್ಯಾಸ ಅತ್ಯಲ್ಪ. ಗೋಡೆಯು ಗೋಡೆಯಾಗಿಯೇ ಇರುತ್ತದೆ, ಮಗುವಿನ ಕೈ ಮಾತ್ರ ಚಲಿಸುತ್ತದೆ. ಆದ್ದರಿಂದ ಬದಲಾದುದನ್ನು ಮಾತ್ರ ಬರೆದಿಟ್ಟು, ಕಣ್ಣಿಗೆ ಗೋಚರಿಸದ ಸೂಕ್ಷ್ಮಗಳನ್ನು ಬಿಟ್ಟುಬಿಟ್ಟರೆ, ಅದೇ ಚಿತ್ರವು 7 ಗಿಗಾಬೈಟಿನಲ್ಲಿ, ಅಂದರೆ ಸುಮಾರು ನೂರೈವತ್ತರಲ್ಲಿ ಒಂದು ಪಾಲಿನಲ್ಲಿ ಅಡಗುತ್ತದೆ. 2003ರಲ್ಲಿ ಬಂದ ಎಚ್.264 ಎಂಬ ಸಂಕೋಚನ ವಿಧಾನವು ಇಂದಿಗೂ ಬಳಕೆಯಲ್ಲಿದೆ. 2013ರ ಎಚ್.265 ಅದರ ಸುಮಾರು ಅರ್ಧದಷ್ಟು ಸ್ಥಳದಲ್ಲಿಯೇ ಅದೇ ಚಿತ್ರವನ್ನು ಹಿಡಿಸಬಲ್ಲುದು. ಆದರೆ ಹೊಸ ವಿಧಾನವನ್ನು ಅರಿಯದ ಹಳೆಯ ಟೆಲಿವಿಷನ್ ಮನೆಯಲ್ಲಿದ್ದರೆ, ಸರ್ವರ್ ಚಿತ್ರವನ್ನು ಬಿಡಿಸಿ, ಆ ಕ್ಷಣದಲ್ಲಿಯೇ ಹಳೆಯ ವಿಧಾನಕ್ಕೆ ಮಾರ್ಪಡಿಸಿ ಕಳುಹಿಸಬೇಕು. ಹಳೆಯ ಗಣಕವು ಏದುಸಿರು ಬಿಡುವುದು ಇಂಥಲ್ಲಿ.

ತಿರುಗುವ ತಟ್ಟೆ

ಇಷ್ಟು ಅಂಕೆಗಳನ್ನು ಹೊತ್ತಿರುವ ಹಾರ್ಡ್ ಡಿಸ್ಕಿನ ಕಥೆ ಸ್ವಾರಸ್ಯವಾದುದು. 1956ರಲ್ಲಿ ಅಮೆರಿಕದ ಐಬಿಎಂ ಸಂಸ್ಥೆಯು ಪ್ರಕಟಿಸಿದ ಮೊದಲ ಡಿಸ್ಕು ಸುಮಾರು ಒಂದು ಟನ್ ತೂಗುತ್ತಿತ್ತು. ಎರಡಡಿ ವ್ಯಾಸದ ಐವತ್ತು ತಟ್ಟೆಗಳನ್ನು ಅದರಲ್ಲಿ ಒಂದರ ಮೇಲೊಂದು ಜೋಡಿಸಿದ್ದರು. ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು. ಇಂದು ಮೊಬೈಲ್ ಫೋನಿನಿಂದ ತೆಗೆದ ಒಂದೆರಡು ಚಿತ್ರಗಳಿಗೆ ಅಷ್ಟು ಸ್ಥಳ ಸಾಲುವುದಿಲ್ಲ.

ಇಂದಿನ ಡಿಸ್ಕಿನ ತಟ್ಟೆಯ ವ್ಯಾಸ ಸುಮಾರು ಒಂಬತ್ತೂವರೆ ಸೆಂಟಿಮೀಟರ್. ತಟ್ಟೆಗೆ ಕಾಂತೀಯ ವಸ್ತುವಿನ ಅತಿ ತೆಳುವಾದ ಲೇಪವಿದೆ. ಆ ಲೇಪದ ಸೂಕ್ಷ್ಮ ಕಣಗಳು ಒಂದು ದಿಕ್ಕಿಗೆ ಮುಖಮಾಡಿದರೆ 1, ಎದುರು ದಿಕ್ಕಿಗೆ ಮುಖಮಾಡಿದರೆ 0 ಎಂದು ಸ್ಥೂಲವಾಗಿ ತಿಳಿಯಬಹುದು. ತಟ್ಟೆಯು ನಿಮಿಷಕ್ಕೆ 7,200 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಗಂಟೆಗೆ ಸುಮಾರು 129 ಕಿಲೊಮೀಟರ್! ಓದುವ ಶಿರವು ತಟ್ಟೆಗೆ ತಗಲದಂತೆ, ಕೆಲವೇ ನ್ಯಾನೊಮೀಟರುಗಳ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70,000 ನ್ಯಾನೊಮೀಟರ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ಮನಸ್ಸಿಗೆ ಬರುತ್ತದೆ. ಇಷ್ಟು ಕ್ಷೀಣವಾದ ಕಾಂತತ್ವವನ್ನು ಓದುವುದಕ್ಕೆ ದಾರಿ ತೋರಿದ ಭೌತವಿಜ್ಞಾನದ ಶೋಧವೊಂದನ್ನು 1988ರಲ್ಲಿ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿ ಮಾಡಿದರು. ಇಬ್ಬರಿಗೂ 2007ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮಳೆಗಾಲದಲ್ಲಿ ವಿದ್ಯುತ್ತು ಥಟ್ಟನೆ ಹೋದರೆ ಶಿರವು ತಟ್ಟೆಯ ಮೇಲೆ ಬಿದ್ದುಬಿಡುವುದಿಲ್ಲವೆ ಎಂದು ಕೇಳಬಹುದು. ಅದಕ್ಕೂ ಉಪಾಯವಿದೆ. ತಟ್ಟೆಯು ಇನ್ನೂ ತಿರುಗುತ್ತಿರುವ ವೇಗದಿಂದಲೇ ತುಸು ವಿದ್ಯುತ್ತನ್ನು ಪಡೆದು, ಡಿಸ್ಕು ತನ್ನ ಶಿರವನ್ನು ಸುರಕ್ಷಿತ ಸ್ಥಾನಕ್ಕೆ ಸರಿಸಿಕೊಳ್ಳುತ್ತದೆ. ಆದರೆ ಆಗ ಅರ್ಧ ಬರೆದಿದ್ದ ಮಾಹಿತಿಯು ಅರ್ಧಕ್ಕೇ ನಿಲ್ಲುತ್ತದೆ. ಯುಪಿಎಸ್ ಬೇಕಾಗುವುದು ಈ ಕಾರಣಕ್ಕೆ.

ಎಷ್ಟೇ ಎಚ್ಚರವಿದ್ದರೂ ಡಿಸ್ಕಿಗೆ ಸಾವು ತಪ್ಪಿದ್ದಲ್ಲ. ಗೂಗಲ್ ಸಂಸ್ಥೆಯ ಮೂವರು ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ 2007ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ರೋಗಸೂಚಕಗಳೆಂದು ಬಲವಾಗಿ ನಂಬಬಹುದಾದ ನಾಲ್ಕು ಲಕ್ಷಣಗಳಲ್ಲಿ ಒಂದನ್ನೂ ತೋರದೆಯೇ ಸತ್ತ ಡಿಸ್ಕುಗಳು ಅರ್ಧಕ್ಕಿಂತ ಹೆಚ್ಚು ಎಂದು ಅದರಲ್ಲಿ ಕಂಡುಬಂದಿತು. ಮುನ್ಸೂಚನೆಯನ್ನು ನಂಬಿ ಕುಳಿತುಕೊಳ್ಳುವಂತಿಲ್ಲವೆಂದಾಯಿತು.

ತಾಳೆಯ ಅಂಕೆ

ಹಾಗಾದರೆ ಒಂದು ಡಿಸ್ಕು ಸತ್ತರೂ ಅದರಲ್ಲಿದ್ದುದು ಉಳಿಯುವಂತೆ ಮಾಡುವುದು ಸಾಧ್ಯವೆ? ಸಾಧ್ಯವಿದೆ. ಇದರ ಗಣಿತ ಬಹು ಸರಳ. ನಾಲ್ಕು ಡಿಸ್ಕುಗಳಲ್ಲಿ ಮೂರರಲ್ಲಿ ಮಾಹಿತಿಯನ್ನು ಬರೆದು, ನಾಲ್ಕನೆಯದರಲ್ಲಿ ತಾಳೆಯ ಅಂಕೆಯನ್ನು ಬರೆಯೋಣ. ನಿಯಮ ಇಷ್ಟೆ: ನಾಲ್ಕರಲ್ಲಿಯೂ ಒಂದೇ ಸ್ಥಾನದಲ್ಲಿರುವ 1ಗಳ ಒಟ್ಟು ಸಂಖ್ಯೆ ಯಾವಾಗಲೂ ಸಮಸಂಖ್ಯೆಯಾಗಿರಬೇಕು. ಮೊದಲ ಮೂರರಲ್ಲಿ 1, 0, 1 ಇದ್ದರೆ ನಾಲ್ಕನೆಯದರಲ್ಲಿ 0. ಅವು 1, 1, 1 ಆಗಿದ್ದರೆ ನಾಲ್ಕನೆಯದರಲ್ಲಿ 1. ಈಗ ಮೊದಲ ಉದಾಹರಣೆಯ ಮೂರನೆಯ ಡಿಸ್ಕು ಸತ್ತಿತೆನ್ನಿ. ಉಳಿದಿರುವುದು 1, 0 ಮತ್ತು ತಾಳೆಯ 0. ಒಟ್ಟು ಸಮಸಂಖ್ಯೆಯಾಗಬೇಕಾದರೆ ಕಳೆದುಹೋದುದು 1 ಆಗಿರಲೇಬೇಕು. ಹೀಗೆ ಒಂದೊಂದೇ ಅಂಕೆಯನ್ನು ಲೆಕ್ಕಹಾಕಿ, ಸತ್ತ ಡಿಸ್ಕನ್ನು ಹೊಸ ಡಿಸ್ಕಿನ ಮೇಲೆ ಪುನಃ ಸೃಷ್ಟಿಸಬಹುದು. ವಿವರಣೆಯ ಸೌಕರ್ಯಕ್ಕಾಗಿ ತಾಳೆಗೆ ಒಂದು ಡಿಸ್ಕನ್ನು ಮೀಸಲಿಟ್ಟೆವು. ಹಲವು ವ್ಯವಸ್ಥೆಗಳಲ್ಲಿ ಅದನ್ನು ಎಲ್ಲ ಡಿಸ್ಕುಗಳಿಗೂ ಹಂಚಿರುತ್ತಾರೆ.

ಇಂಥ ವ್ಯೂಹಗಳಿಗೆ ರೈಡ್ ಎಂಬ ಹೆಸರು ರೂಢಿಗೆ ಬಂದುದು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧದಿಂದ. ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವು ಚಿಕ್ಕ ಡಿಸ್ಕುಗಳು ಒಂದಕ್ಕೊಂದು ಆಸರೆಯಾಗಿ ನಿಲ್ಲಬಹುದೆಂಬುದೇ ಅದರ ಸಾರ.

ದೊಡ್ಡದು ಮಾಡುವಾಗಿನ ಅಪಾಯ

ಮಕ್ಕಳು ಬೆಳೆದಂತೆ ಭಂಡಾರವೂ ಬೆಳೆಯುತ್ತದೆ. ನಾಲ್ಕು ಟೆರಾಬೈಟಿನ ನಾಲ್ಕು ಡಿಸ್ಕುಗಳಿದ್ದರೆ ಬಳಕೆಗೆ ದೊರೆಯುವುದು 12 ಟೆರಾಬೈಟ್. ಅದು ತುಂಬಿದಾಗ ಒಂದು ಹಳೆಯ ಡಿಸ್ಕನ್ನು ತೆಗೆದು, ಎಂಟು ಟೆರಾಬೈಟಿನ ಹೊಸದನ್ನು ಹಾಕಿ, ಅದು ತುಂಬುವವರೆಗೆ ಕಾಯಬೇಕು. ಸೆಕೆಂಡಿಗೆ 16 ಕೋಟಿ ಬೈಟುಗಳಂತೆ ಬರೆದರೂ ಇದಕ್ಕೆ ಸುಮಾರು ಏಳು ಗಂಟೆ ಹಿಡಿಯುತ್ತದೆ. ಹೀಗೆ ನಾಲ್ಕು ಸಲ ಮಾಡಿದ ಮೇಲೆಯೇ ಹೆಚ್ಚಿನ ಸ್ಥಳ ಕೈಗೆ ಬರುವುದು.

ಈ ಏಳು ಗಂಟೆಗಳ ಕಾಲ ವ್ಯೂಹಕ್ಕೆ ರಕ್ಷಣೆಯಿರುವುದಿಲ್ಲ. ಉಳಿದ ಮೂರು ಡಿಸ್ಕುಗಳನ್ನು ಆದ್ಯಂತವಾಗಿ ಓದಬೇಕು. ಎಂದರೆ 12 ಟೆರಾಬೈಟ್, ಅಥವಾ 96 ಲಕ್ಷ ಕೋಟಿ ಬಿಟ್ಟುಗಳು. ಸಾಧಾರಣ ಡಿಸ್ಕುಗಳ ವಿವರಪತ್ರದಲ್ಲಿ ತಯಾರಕರು ಕೊಡುವ ಭರವಸೆಯಾದರೂ ಏನು? ನೂರು ಲಕ್ಷ ಕೋಟಿ ಬಿಟ್ಟುಗಳನ್ನು ಓದುವಾಗ ಓದಲಾಗದ ಎಡೆಯು ಒಂದಕ್ಕಿಂತ ಹೆಚ್ಚಿರದು ಎಂಬುದಷ್ಟೆ! ವಾಸ್ತವದಲ್ಲಿ ಡಿಸ್ಕುಗಳು ಬಹುಮಟ್ಟಿಗೆ ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ. ಆದರೂ ಭರವಸೆಯ ಅಂಚಿನಲ್ಲಿ ನಾಲ್ಕು ಸಲ ನಡೆಯುವುದು ಜಾಣತನವಲ್ಲ. ಪೆಟ್ಟಿಗೆಯಲ್ಲಿ ಐದನೆಯ ಡಿಸ್ಕಿಗೆ ಸ್ಥಳವಿದ್ದರೆ, ಹಳೆಯದನ್ನು ಕೀಳದೆಯೇ ಹೊಸದನ್ನು ತುಂಬಿಸಿ ಆಮೇಲೆ ಹಳೆಯದನ್ನು ತೆಗೆಯುವ ಕ್ರಮವುಂಟು. ತಿಂಗಳಿಗೊಮ್ಮೆ ಎಲ್ಲ ಡಿಸ್ಕುಗಳನ್ನೂ ಓದಿಸಿ ತಾಳೆ ನೋಡುತ್ತಿದ್ದರೆ, ಹಾಳಾದ ಎಡೆಗಳು ಮೊದಲೇ ಬಯಲಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕೆಲಸಕ್ಕೆ ಕೈಹಚ್ಚುವ ಮುನ್ನ ಇಡೀ ಭಂಡಾರದ ಪ್ರತಿಯೊಂದು ಬೇರೆಡೆ ಇರಬೇಕು.

ತಾಳೆಯು ಪ್ರತಿಯಲ್ಲ

ತಾಳೆಯ ಅಂಕೆ ಇರುವಾಗ ಪ್ರತಿಯೇಕೆ ಎಂದು ಹಲವರು ಕೇಳುತ್ತಾರೆ. ಇಲ್ಲಿಯೇ ಇರುವುದು ಮುಖ್ಯವಾದ ತಿಳಿವಳಿಕೆ. ತಾಳೆಯು ಡಿಸ್ಕಿನ ಸಾವಿನಿಂದ ಮಾತ್ರ ಕಾಪಾಡುತ್ತದೆ. ಯಾರಾದರೂ ಒಂದು ಚಿತ್ರವನ್ನು ಅಳಿಸಿದರೆ, ವ್ಯೂಹವು ಆ ಅಳಿಸುವಿಕೆಯನ್ನೂ ಅಷ್ಟೇ ನಿಷ್ಠೆಯಿಂದ ನಾಲ್ಕೂ ಡಿಸ್ಕುಗಳಲ್ಲಿ ಪಾಲಿಸುತ್ತದೆ. ಬೆಂಕಿ, ನೀರು, ಕಳ್ಳತನಗಳ ಮುಂದೆ ನಾಲ್ಕು ಡಿಸ್ಕುಗಳೂ ಒಂದೇ.

1998ರಲ್ಲಿ ನಡೆದ ಪ್ರಸಂಗವೊಂದು ಇದಕ್ಕೆ ಸಾಕ್ಷಿ. ಅಮೆರಿಕದ ಪಿಕ್ಸಾರ್ ಸಂಸ್ಥೆಯು ಆಗ ‘ಟಾಯ್ ಸ್ಟೋರಿ 2’ ಎಂಬ ಚಿತ್ರವನ್ನು ತಯಾರಿಸುತ್ತಿತ್ತು. ಯಾರೋ ಕೊಟ್ಟ ಒಂದು ಆಜ್ಞೆಯಿಂದ ಚಿತ್ರದ ಕಡತಗಳು ಒಂದೊಂದಾಗಿ ಅಳಿಯತೊಡಗಿದುವು. ಯಂತ್ರವನ್ನು ನಿಲ್ಲಿಸುವುದರೊಳಗೆ ಬಹುಪಾಲು ಹೋಗಿಬಿಟ್ಟಿತ್ತು. ಕಾಪಿಟ್ಟ ಪ್ರತಿಯನ್ನು ತೆಗೆದು ನೋಡಿದರೆ, ಅದು ಸರಿಯಾಗಿ ದಾಖಲಾಗಿರಲಿಲ್ಲ. ಯಾರೂ ಅದನ್ನು ಪರೀಕ್ಷಿಸಿಯೂ ಇರಲಿಲ್ಲ. ಆಗ ನೆರವಿಗೆ ಬಂದುದು ಒಂದು ಮನೆಯ ಗಣಕ. ತಾಂತ್ರಿಕ ಮುಖ್ಯಸ್ಥರಲ್ಲೊಬ್ಬರಾದ ಗ್ಯಾಲಿನ್ ಸಸ್‌ಮನ್ ಮಗುವನ್ನು ಹೆತ್ತು ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಚಿತ್ರದ ಪ್ರತಿಯೊಂದು ಅವರ ಮನೆಯಲ್ಲಿತ್ತು. ಆ ಗಣಕವನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನಲ್ಲಿ ಮೆಲ್ಲಗೆ ಕಚೇರಿಗೆ ತಂದರು. ಕಥೆಯನ್ನು ಮುಂದೆ ಬಹಳಷ್ಟು ಮಾರ್ಪಡಿಸಿದರಾದರೂ, ಕಳೆದುಹೋದ ಕೆಲಸ ಆ ದಿನ ಹಿಂದಿರುಗಿತು. 1999ರಲ್ಲಿ ಚಿತ್ರವು ತೆರೆಯನ್ನು ಕಂಡಿತು.

ದೊಡ್ಡ ಸಂಸ್ಥೆಯ ದೊಡ್ಡ ಯಂತ್ರಗಳು ಮಾಡಲಾರದುದನ್ನು ಬೇರೆ ಮನೆಯಲ್ಲಿದ್ದ ಒಂದು ಪ್ರತಿಯು ಮಾಡಿತು. ನಮ್ಮ ನಾಡಿಗೆ ಇದು ಹೊಸ ಪಾಠವೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನ ಕವಿಯ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಗಳಲ್ಲಿ ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಒಂದು ಓಲೆಯನ್ನು ಎಷ್ಟು ಭದ್ರವಾಗಿ ಕಟ್ಟಿಟ್ಟರೂ ಹುಳು ತಿಂದೀತು. ಸಾವಿರ ಮನೆಗಳ ಸಾವಿರ ಪ್ರತಿಗಳನ್ನು ಹುಳು ಒಮ್ಮೆಗೇ ತಿನ್ನಲಾರದು.

ಇಂದಿನ ಹವ್ಯಾಸಿಗಳು ಇದನ್ನೇ 3-2-1 ಎಂಬ ಸೂತ್ರವಾಗಿ ಹೇಳುತ್ತಾರೆ: ಒಟ್ಟು ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿಯೋ ಬೇರೆ ಮನೆಯಲ್ಲಿಯೋ ಇರಲಿ. ಕೊಂಡ ಚಲನಚಿತ್ರಗಳಿಗೆ ಇಷ್ಟು ಆರೈಕೆ ಬೇಡ. ಮನೆಯ ಸ್ವಂತ ಚಿತ್ರಗಳನ್ನೂ ಧ್ವನಿಗಳನ್ನೂ ಬೇರ್ಪಡಿಸಿದರೆ ಅವು ಹೆಚ್ಚಾಗಿ ಒಂದೇ ಚಿಕ್ಕ ಡಿಸ್ಕಿನಲ್ಲಿ ಹಿಡಿಯುತ್ತವೆ. ಅದನ್ನು ಸೋದರಮಾವನ ಮನೆಯ ಬೀರುವಿನಲ್ಲಿ ಇರಿಸಿ, ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಚಿತ್ರಗಳನ್ನು ಸೇರಿಸಿ ಬಂದರಾಯಿತು.

ಇಷ್ಟಾದರೂ ಪರೀಕ್ಷಿಸದ ಪ್ರತಿಯನ್ನು ಪ್ರತಿಯೆಂದು ಎಣಿಸಬಾರದು. ನಮ್ಮ ಮನೆಯಲ್ಲಿ ಈ ಕೆಲಸ ಮಕ್ಕಳದು. ತಿಂಗಳಿನ ಮೊದಲ ಭಾನುವಾರ ಅವರು ತಮಗೆ ತೋಚಿದ ಒಂದು ಚಿತ್ರದ ಹೆಸರು ಹೇಳುತ್ತಾರೆ. ಅದನ್ನು ಸರ್ವರಿನಿಂದಲ್ಲ, ಪ್ರತಿಯಿಂದ ತೆಗೆದು ತೆರೆದು ತೋರಿಸಬೇಕು. ಹತ್ತು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿಯೂ ಇಂಥದೊಂದು ಭಂಡಾರವಿದ್ದರೆ ಈ ಪರೀಕ್ಷಕನ ಹುದ್ದೆಯನ್ನು ನೀವೇ ವಹಿಸಿಕೊಳ್ಳಿ. ಇಲ್ಲದಿದ್ದರೆ ಅಜ್ಜಿಯ ಒಂದು ಕಥೆಯ ಎರಡನೆಯ ಪ್ರತಿಯನ್ನು ಇಂದೇ ಮಾಡಿಡಿ.