ಬೆಂಗಳೂರು ದಂಡು: ಸೈನ್ಯದ ರಕ್ಷಣೆಯೂ ನೆರೆಯ ಜನಜೀವನವೂ

ಸೈನ್ಯದ ಇತಿಹಾಸವೆಂದರೆ ಕದನಗಳ ಇತಿಹಾಸವೆಂಬ ಭಾವನೆ ನಮ್ಮ ಪಠ್ಯಪುಸ್ತಕಗಳಲ್ಲಿ ರೂಢಮೂಲವಾಗಿದೆ. ಆದರೆ ಕದನ ನಡೆಯುವುದು ಕೆಲವು ದಿನ. ಸೈನ್ಯವು ಒಂದೆಡೆ ಬೀಡುಬಿಟ್ಟಿರುವುದು ಎಷ್ಟೋ ವೇಳೆ ಶತಮಾನಕ್ಕೂ ಮಿಕ್ಕಿದ ಕಾಲ. ಆ ಬೀಡಿನ ನೆರೆಯಲ್ಲಿ ಬಾಳುವವರ ನೆಲ, ನೀರು, ನ್ಯಾಯಗಳ ಮೇಲೆ ಅದರಿಂದಾಗುವ ಪರಿಣಾಮವನ್ನು ಬೆಂಗಳೂರಿನ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1799ರಲ್ಲಿ ಶ್ರೀರಂಗಪಟ್ಟಣವು ಪತನಗೊಂಡ ತರುವಾಯ ಏರ್ಪಟ್ಟ ಒಪ್ಪಂದದಂತೆ ಮೈಸೂರಿನ ರಕ್ಷಣೆಗೆಂದು ಕಂಪನಿಯ ಸೈನ್ಯವು ಇಲ್ಲಿಯೇ ನಿಂತಿತು. ಅದರ ವೆಚ್ಚಕ್ಕಾಗಿ ಸಂಸ್ಥಾನವು ವರ್ಷಕ್ಕೆ 7 ಲಕ್ಷ ವರಹಗಳನ್ನು ತೆರಬೇಕಾಯಿತು. ಶ್ರೀರಂಗಪಟ್ಟಣದ ಚಳಿಜ್ವರಕ್ಕೆ ಸಿಪಾಯಿಗಳು ತುತ್ತಾಗುತ್ತಿದ್ದುದರಿಂದ ಸುಮಾರು 3,000 ಅಡಿ ಎತ್ತರದ, ಹಿತವಾದ ಹವೆಯ ಬೆಂಗಳೂರಿಗೆ 1809ರ ಸುಮಾರಿನಲ್ಲಿ ಅದನ್ನು ಸ್ಥಳಾಂತರಿಸಲಾಯಿತು. ಜನರು ಈ ಬೀಡನ್ನು ‘ದಂಡು’ ಎಂದರು. ರೈಲು ನಿಲ್ದಾಣದ ಹೆಸರಿನಲ್ಲಿ ಆ ಮಾತು ಉಳಿದುಬಂದಿದೆ.

ದಂಡು ಬಂದಾಗ ಈ ಭಾಗವು ಪಾಳುಬಯಲಾಗಿರಲಿಲ್ಲ. ಹಲಸೂರಿನಲ್ಲಿ ಸೋಮೇಶ್ವರ ದೇವಾಲಯವಿತ್ತು, ಕೆರೆಯಿತ್ತು. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ಶಾಸನಗಳು ಆ ಊರು ಎಷ್ಟು ಪುರಾತನವಾದುದೆಂಬುದನ್ನು ಸಾರುತ್ತವೆ. ಕೆಂಪೇಗೌಡನು 1537ರಲ್ಲಿ ಕಟ್ಟಿದನೆನ್ನಲಾದ ಪೇಟೆ ಪಶ್ಚಿಮಕ್ಕಿದ್ದಿತು. ಸಿಪಾಯಿಗಳ ವಸತಿಯನ್ನು ಪೇಟೆಯಿಂದ ದೂರವಿರಿಸುವುದು ಬ್ರಿಟಿಷರ ಪದ್ಧತಿ. ಈ ದೂರಕ್ಕೆ ಆರೋಗ್ಯವೂ ಶಿಸ್ತೂ ಕಾರಣಗಳೆಂದು ಹೇಳಲಾಗುತ್ತಿದ್ದರೂ ಸುತ್ತಣ ಜನರ ವಿಷಯದಲ್ಲಿ ಅವರಿಗಿದ್ದ ಶಂಕೆಯನ್ನು ಮರೆಯುವಂತಿಲ್ಲ. 1806ರ ವೇಲೂರಿನ ಸಿಪಾಯಿದಂಗೆ ಆಗಿನ್ನೂ ಹಸಿಯಾಗಿದ್ದಿತು. ಪೇಟೆಗೂ ದಂಡಿಗೂ ನಡುವೆ ಉಳಿದ ಬಯಲಿನಲ್ಲಿಯೇ 1870ರಲ್ಲಿ ಸ್ಯಾಂಕಿಯ ಮೇಲ್ವಿಚಾರಣೆಯಲ್ಲಿ ಕಬ್ಬನ್ ಉದ್ಯಾನವು ರೂಪುಗೊಂಡಿತು.

ಸೈನ್ಯವಿದ್ದೆಡೆ ಅದಕ್ಕೆ ಅನ್ನ, ಬಟ್ಟೆ, ಕೂಲಿ ಒದಗಿಸುವವರೂ ನೆರೆಯುವರಷ್ಟೆ. ಮದರಾಸು ಪ್ರಾಂತದಿಂದ ಬಂದ ತಮಿಳು, ತೆಲುಗು ನುಡಿಯುವವರು ಹಾಗೂ ದಖನಿ ಮಾತಿನ ಮುಸಲ್ಮಾನರು ಇಂದಿನ ಶಿವಾಜಿನಗರದ ಸುತ್ತ ನೆಲೆಸಿದರು. 1864ರಲ್ಲಿ ಜೋಲಾರ್‌ಪೇಟೆಯಿಂದ ರೈಲುಮಾರ್ಗ ಬಂದ ಮೇಲೆ ಈ ವಲಸೆಗೆ ಇನ್ನಷ್ಟು ಅನುಕೂಲವಾಯಿತು. 1881ರ ಜನಗಣತಿಯ ವೇಳೆಗೆ ದಂಡಿನ ಜನಸಂಖ್ಯೆ ಪೇಟೆಯದನ್ನು ಮೀರಿದ್ದಿತು. ದಂಡು ಅನೇಕರಿಗೆ ಅನ್ನವಿತ್ತಿತೆಂಬುದು ನಿರ್ವಿವಾದ. ಆದರೆ ಆ ಅನ್ನ ದೊರೆತದ್ದು ಸೈನ್ಯಾಧಿಕಾರಿಯ ನಿಯಮಗಳ ಅಧೀನದಲ್ಲಿ. ಭಾರತದ ದಂಡುಗಳಿಗಾಗಿ ಹೊರಟ 1864ರ ಶಾಸನವು ಸೈನಿಕರ ಆರೋಗ್ಯದ ಹೆಸರಿನಲ್ಲಿ ಬಜಾರಿನ ವೇಶ್ಯಾಸ್ತ್ರೀಯರನ್ನು ನೋಂದಣಿಗೂ ವೈದ್ಯಪರೀಕ್ಷೆಗೂ ಗುರಿಪಡಿಸಿತು. ಸೈನಿಕನ ಕ್ಷೇಮಕ್ಕೆ ಬೆಲೆ ತೆತ್ತವರು ಯಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

1862ರಲ್ಲಿ ಪೇಟೆಗೂ ದಂಡಿಗೂ ಪ್ರತ್ಯೇಕ ಪುರಸಭೆಗಳಾದವು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಹಿಂದಿರುಗಿದಾಗ ಬ್ರಿಟಿಷರು ದಂಡನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ತಮ್ಮ ಅಧೀನದಲ್ಲಿಯೇ ಉಳಿಸಿಕೊಂಡರು. ಅಲ್ಲಿ ಆಡಳಿತ ರೆಸಿಡೆಂಟರದು, ನ್ಯಾಯಸ್ಥಾನಗಳೂ ಅವರ ಅಧೀನ. ಅದೇ ವರ್ಷ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಆದರೆ ಆ ಸಭೆಯ ಮುಂದೆ ನಿಲ್ಲುತ್ತಿದ್ದ ದಿವಾನರಿಗೆ ದಂಡಿನಲ್ಲಿ ಅಧಿಕಾರವಿರಲಿಲ್ಲ. ಹೀಗೆ ಒಂದೇ ಊರಿನವರು ಎರಡು ಪ್ರಭುತ್ವಗಳಿಗೆ ಸೇರಿದವರಾದರು.

ನೀರೂ ರೋಗವೂ ಈ ಗಡಿಯನ್ನು ಮನ್ನಿಸಲಿಲ್ಲ. ಜನ ಹೆಚ್ಚಿದಂತೆ ಹಳೆಯ ಕೆರೆಗಳು ಸಾಲದಾದವು. 1882ರಲ್ಲಿ ಸ್ಯಾಂಕಿ ಕೆರೆ ಸಿದ್ಧವಾಯಿತು. ಅದೂ ಸಾಲದೆ 1896ರ ಹೊತ್ತಿಗೆ ಹೆಸರಘಟ್ಟದಿಂದ ಎರಡೂ ಭಾಗಗಳಿಗೆ ನೀರು ತರಬೇಕಾಯಿತು. 1898ರಲ್ಲಿ ಪ್ಲೇಗು ಹರಡಿದಾಗ ಎರಡೂ ಕಡೆ ಇಕ್ಕಟ್ಟಾದ ಕೇರಿಗಳೇ ಹೆಚ್ಚಾಗಿ ಬಲಿಯಾದವು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳೂ ದಂಡಿನ ಕಡೆ ಕೆಲವು ವರ್ಷಗಳ ತರುವಾಯ ಫ್ರೇಜರ್ ಟೌನೂ ಹುಟ್ಟಿದ್ದು ಈ ಅನುಭವದ ಫಲ. ಸೈನ್ಯದ ಆರೋಗ್ಯವನ್ನು ಪ್ರತ್ಯೇಕವಾಗಿಟ್ಟು ಕಾಪಾಡಬಹುದೆಂಬ ನಂಬಿಕೆ ಅಂದಿಗೆ ಸಡಿಲವಾಯಿತೆಂದು ನಮಗೆ ತೋರುತ್ತದೆ.

1947ರ ಜುಲೈ ತಿಂಗಳಲ್ಲಿ ದಂಡು ಮೈಸೂರಿಗೆ ಮರಳಿತು. 1949ರಲ್ಲಿ ಎರಡು ಪುರಸಭೆಗಳೂ ಸೇರಿ ನಗರಪಾಲಿಕೆಯಾಯಿತು. ಆಡಳಿತದ ಗೆರೆ ಅಳಿದರೂ ಸೈನ್ಯದ ನೆಲ ಅಳಿಯಲಿಲ್ಲ. ಹಲಸೂರು ಕೆರೆಯ ಬಳಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರ ಇಂದಿಗೂ ಇದೆ. ರಕ್ಷಣಾ ನೆಲೆಗಳ ಸುತ್ತ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಲು ಅವಕಾಶವೀಯುವ 1903ರ ಶಾಸನದ ಜೊತೆಗೆ ರಕ್ಷಣಾ ಸಚಿವಾಲಯವು 2011ರಲ್ಲಿಯೂ 2016ರಲ್ಲಿಯೂ ಸೂಚನೆಗಳನ್ನು ಹೊರಡಿಸಿದೆ. ನೆಲೆಯ ಭದ್ರತೆಗೆ ಇಂಥ ಅಂತರ ಅವಶ್ಯಕವಿರಬಹುದು. ಆದರೆ ಗೆರೆಯ ಪಕ್ಕದ ನಿವೇಶನದಲ್ಲಿ ಮನೆ ಕಟ್ಟಹೊರಟವನಿಗೆ ಅದು ಬಾಳಿನ ಪ್ರಶ್ನೆ.

ಸೈನ್ಯವು ಬೇಡವೆಂಬುದು ನಮ್ಮ ವಾದವಲ್ಲ. 1809ರಲ್ಲಿ ಗೆರೆ ಎಳೆದವರು ಹಲಸೂರಿನ ರೈತನನ್ನು ಕೇಳಬೇಕಾದ ಹೊಣೆಗೆ ಒಳಪಟ್ಟಿರಲಿಲ್ಲ. ಇಂದಿನ ಪ್ರಜಾಪ್ರಭುತ್ವಕ್ಕೆ ಆ ಹೊಣೆಯುಂಟು. ಬೆಳಗಾವಿ ಮೊದಲಾದ ದಂಡಿನ ಊರುಗಳ ಕೆರೆ, ಬೀದಿ, ಬಜಾರುಗಳ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ಈ ದೃಷ್ಟಿಯಿಂದ ಸಂಗ್ರಹಿಸಿದರೆ ಗೆರೆಯ ಹೊರಗೆ ಬಾಳಿದವರಿಗೂ ಇತಿಹಾಸದಲ್ಲಿ ಸ್ಥಾನ ದೊರೆಯುವುದು.