ಹಳೆಯ ಡ್ರಮ್ಮಿನ ಗಾಳಿಯಂತ್ರದಿಂದ ತೋಟದ ಮನೆಗೆ ಬೆಳಕು

ಆಷಾಢದ ಗಾಳಿ ನಮ್ಮ ಬಯಲುಸೀಮೆಯ ರೈತರಿಗೆ ಹೊಸದಲ್ಲ. ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡದ ಸುತ್ತಿನ ಎತ್ತರದ ಜಾಗಗಳಲ್ಲಿ ದೊಡ್ಡ ಗಾಳಿಯಂತ್ರಗಳು ತಿರುಗುತ್ತಿರುವುದನ್ನು ಅನೇಕರು ನೋಡಿದ್ದಾರೆ. ನಮ್ಮ ಹೊಲದಲ್ಲೂ ಚಿಕ್ಕದೊಂದನ್ನು ಕಟ್ಟಿಕೊಳ್ಳಬಹುದೇ ಎಂಬ ಪ್ರಶ್ನೆ ಹುಟ್ಟುವುದು ಸಹಜ. ಕಟ್ಟಿಕೊಳ್ಳಬಹುದು. ಆದರೆ ಅದು ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬಾರದು ಎಂಬುದನ್ನು ಹಣ ಖರ್ಚು ಮಾಡುವ ಮೊದಲೇ ಲೆಕ್ಕ ಹಾಕಬೇಕು.

ಗಾಳಿಯ ವೇಗ ಎರಡರಷ್ಟಾದರೆ ಅದರಲ್ಲಿರುವ ಶಕ್ತಿ ಎಂಟರಷ್ಟಾಗುತ್ತದೆ. ಆದುದರಿಂದ ಯಂತ್ರಕ್ಕಿಂತ ಜಾಗವೇ ಮುಖ್ಯ. ಒಂದು ಎತ್ತರದ ಗಳುವಿಗೆ ತೆಳುವಾದ ಬಟ್ಟೆ ಕಟ್ಟಿ ಕೆಲವು ವಾರ ಗಮನಿಸಿರಿ. ಎಲೆಗಳು ಸರಸರ ಎನ್ನುವಷ್ಟು ಗಾಳಿ ಗಂಟೆಗೆ 6ರಿಂದ 11 ಕಿ.ಮೀ. ಎಲೆ ಮತ್ತು ಸಣ್ಣ ಕಡ್ಡಿಗಳು ಬಿಡದೆ ಅಲುಗಾಡಿ, ಬಟ್ಟೆ ಪೂರ್ತಿ ಬಿಚ್ಚಿಕೊಂಡು ನಿಂತರೆ 12ರಿಂದ 19 ಕಿ.ಮೀ. ಧೂಳೆದ್ದು ಸಣ್ಣ ಕೊಂಬೆಗಳು ತೂಗಿದರೆ 20ರಿಂದ 28 ಕಿ.ಮೀ. ಮೊದಲನೆಯ ಬಗೆಯ ಗಾಳಿಯಷ್ಟೇ ಸಿಗುವ ಹೊಲದಲ್ಲಿ ಯಂತ್ರ ಕಟ್ಟುವುದು ವ್ಯರ್ಥ. ತೆಂಗಿನ ಸಾಲು, ಮಾವಿನ ತೋಪು ಇದ್ದಲ್ಲಿ ಅವುಗಳ ಎತ್ತರದ ಹತ್ತರಷ್ಟಾದರೂ ದೂರ ಸರಿಯಬೇಕು.

ಹಳ್ಳಿಯ ವೆಲ್ಡಿಂಗ್ ಅಂಗಡಿಯ ನೆರವಿನಿಂದ ಮಾಡಬಹುದಾದುದು ಸವೋನಿಯಸ್ ಮಾದರಿ. ಫಿನ್ಲೆಂಡಿನ ಸಿಗುರ್ಡ್ ಸವೋನಿಯಸ್ 1920ರ ದಶಕದಲ್ಲಿ ಇದನ್ನು ರೂಪಿಸಿದರು. ಇದು ನೆಟ್ಟಗೆ ನಿಂತ ಕಂಬದ ಸುತ್ತ ತಿರುಗುವುದರಿಂದ ಗಾಳಿ ಯಾವ ದಿಕ್ಕಿನಿಂದ ಬಂದರೂ ಸರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗೋವಿಂದರಾಜು ಮತ್ತು ನರಸಿಂಹ ಅವರು ಬಟ್ಟೆಯ ಹಾಯಿಗಳಿಂದ ಇದೇ ಮಾದರಿಯ ನೀರೆತ್ತುವ ಯಂತ್ರವನ್ನು ರೂಪಿಸಿ, 1979ರಲ್ಲಿ ಅದರ ವಿವರ ಪ್ರಕಟಿಸಿದ್ದರು. ನಾವಿಲ್ಲಿ ಹೇಳುವುದು 200 ಲೀಟರಿನ ಎರಡು ಡ್ರಮ್ಮುಗಳಿಂದ ಮಾಡುವಂಥದು.

ಡ್ರಮ್ಮಿನ ವಿಷಯದಲ್ಲಿ ಒಂದು ಎಚ್ಚರಿಕೆ. ಎಣ್ಣೆ, ಪೆಟ್ರೋಲು ತುಂಬಿದ್ದ ಖಾಲಿ ಡ್ರಮ್ಮಿಗೆ ಗ್ಯಾಸಿನ ಜ್ವಾಲೆಯನ್ನಾಗಲಿ ವೆಲ್ಡಿಂಗ್ ಕಿಡಿಯನ್ನಾಗಲಿ ಸೋಕಿಸಲೇಬಾರದು. ಒಳಗಿನ ಆವಿ ಸಿಡಿದು ಪ್ರಾಣಕ್ಕೇ ಅಪಾಯ. ಚೆನ್ನಾಗಿ ತೊಳೆದು, ನೀರು ತುಂಬಿ ಚೆಲ್ಲಿ, ಉಳಿ ಸುತ್ತಿಗೆಯಿಂದಲೇ ಕತ್ತರಿಸಬೇಕು. ಕೀಟನಾಶಕದ ಡ್ರಮ್ಮು ಬೇಡವೇ ಬೇಡ.

ಮುಚ್ಚಳ, ತಳ ತೆಗೆದು ಡ್ರಮ್ಮನ್ನು ಉದ್ದಕ್ಕೆ ಎರಡು ಹೋಳು ಮಾಡಿರಿ. ಎರಡು ಹೋಳುಗಳನ್ನು ಎದುರುಬದುರಾಗಿ, ಇಂಗ್ಲಿಷಿನ ಎಸ್ ಅಕ್ಷರದಂತೆ ಇಟ್ಟು, ನಡುವೆ ಒಂದರ ಅಂಚು ಇನ್ನೊಂದರೊಳಗೆ ಸುಮಾರು 10 ಸೆಂ.ಮೀ. ಸೇರುವಂತೆ ಜೋಡಿಸಬೇಕು. ಗಾಳಿ ಒಂದು ಹೋಳಿನಿಂದ ಇನ್ನೊಂದಕ್ಕೆ ಹಾಯುವುದು ಈ ಸಂದಿಯಿಂದಲೇ. ಇದರ ಮೇಲೆ ಎರಡನೆಯ ಡ್ರಮ್ಮಿನ ಜೋಡಿಯನ್ನು ಮೂಲೆಮಟ್ಟಕ್ಕೆ, ಅಂದರೆ ಅಡ್ಡಲಾಗಿ ತಿರುಗಿಸಿ ಕೂಡಿಸಿದರೆ ಯಂತ್ರ ನಿಂತಲ್ಲಿಂದ ಸುಲಭವಾಗಿ ಹೊರಡುತ್ತದೆ. ಕೆಳಗೆ, ನಡುವೆ, ಮೇಲೆ 115 ಸೆಂ.ಮೀ. ಅಗಲದ ಮೂರು ಪ್ಲೈವುಡ್ ತಟ್ಟೆಗಳು. ನಡುವೆ ಹಾಯುವ ದಂಡಕ್ಕೆ 40 ಮಿ.ಮೀ. ಜಿ.ಐ. ಪೈಪು ಸಾಕು. ಎಲ್ಲ ಸೇರಿ ಸುಮಾರು 70 ಕಿಲೋ ತೂಕವಾಗುವುದರಿಂದ, ಕೆಳಗಿನ ಬೇರಿಂಗಿಗೆ ಟಯರ್ ಗಾಡಿಯ ಹಳೆಯ ಹಬ್ಬನ್ನು ಬಳಸುವುದು ಮೇಲು. ಭಾರ ಹೊರಲೆಂದೇ ಮಾಡಿದ್ದದು.

ಎರಡು ಗಟ್ಟಿ ಕಂಬಗಳನ್ನು ನಾಲ್ಕು ಅಡಿ ಹೂತು, ಅಡ್ಡತೊಲೆಗಳ ನಡುವೆ ಯಂತ್ರವನ್ನು ನಿಲ್ಲಿಸಿರಿ. ಕೆಳಗಿನ ತೊಲೆ ಆಳೆತ್ತರಕ್ಕಿಂತ ಮೇಲಿರಬೇಕು. ನಾಲ್ಕು ದಿಕ್ಕಿಗೂ ಬಿಗಿತಂತಿ ಎಳೆಯತಕ್ಕದ್ದು.

ಗಂಟೆಗೆ 18 ಕಿ.ಮೀ. ಗಾಳಿಯಲ್ಲಿ ಇದು ನಿಮಿಷಕ್ಕೆ ಸುಮಾರು 80 ಸುತ್ತು ತಿರುಗೀತು. ಕಾರಿನ ಆಲ್ಟರ್ನೇಟರಿಗೆ ಈ ವೇಗ ಏನೇನೂ ಸಾಲದು. ವಿದ್ಯುತ್ ಸೈಕಲ್ಲಿನ ಗೇರಿಲ್ಲದ ಹಬ್ ಮೋಟಾರು ಇದಕ್ಕೆ ಹೊಂದುತ್ತದೆ. ಅದರೊಳಗೆ ಅಯಸ್ಕಾಂತಗಳಿರುವುದರಿಂದ ನಿಧಾನ ತಿರುಗಿಸಿದರೂ ವಿದ್ಯುತ್ ಹುಟ್ಟುತ್ತದೆ. ಗೇರುಳ್ಳದ್ದನ್ನು ಕೊಳ್ಳಬೇಡಿರಿ, ಹೊರಗಿನಿಂದ ತಿರುಗಿಸಿದರೆ ಅದು ಸಾಮಾನ್ಯವಾಗಿ ಒಳಗೆ ಜಾರುತ್ತದೆ. ಸೈಕಲ್ಲಿನ 44 ಹಲ್ಲಿನ ಚಕ್ರದಿಂದ 18 ಹಲ್ಲಿನದಕ್ಕೆ ಚೈನು ಹಾಕಿದರೆ ವೇಗ ಎರಡೂವರೆಯಷ್ಟಾಗುತ್ತದೆ. ಮೋಟಾರಿನ ಮೂರು ತಂತಿಗಳನ್ನು ಮೂರು ಫೇಸಿನ ರೆಕ್ಟಿಫೈಯರ್ ಮೂಲಕ 12 ವೋಲ್ಟಿನ ಬ್ಯಾಟರಿಗೆ, ಫ್ಯೂಜು ಸಹಿತ ಜೋಡಿಸಬೇಕು. ಬ್ಯಾಟರಿ ತುಂಬಿದ ಮೇಲೆ ಹೆಚ್ಚಿನ ವಿದ್ಯುತ್ತನ್ನು ಒಂದು ಬಲ್ಬಿಗೆ ತಿರುಗಿಸುವ ಕಂಟ್ರೋಲರು ಅವಶ್ಯ.

ಇಷ್ಟೆಲ್ಲ ಮಾಡಿ ದೊರೆಯುವುದೆಷ್ಟು? 18 ಕಿ.ಮೀ. ಗಾಳಿಯಲ್ಲಿ ಸುಮಾರು 10 ವ್ಯಾಟ್, 29 ಕಿ.ಮೀ.ನಲ್ಲಿ 40 ವ್ಯಾಟ್. ಐದು ಅಶ್ವಶಕ್ತಿಯ ಪಂಪಿಗೆ ಬೇಕಾದದ್ದು 3,700 ವ್ಯಾಟ್. ಅಲ್ಲದೆ ನೀರಿನ ಬರ ಬೇಸಿಗೆಯಲ್ಲಿ, ಜೋರು ಗಾಳಿ ಜೂನ್‌ನಿಂದ ಆಗಸ್ಟ್‌ವರೆಗೆ. ಕೊಳವೆಬಾವಿಯ ಆಸೆಯನ್ನು ಇಲ್ಲಿಗೇ ಬಿಡಬೇಕು. ಆದರೆ 10 ವ್ಯಾಟ್ ಎಂಟು ಗಂಟೆ ಬಂದರೆ, 5 ವ್ಯಾಟಿನ ಎರಡು ಎಲ್.ಇ.ಡಿ. ದೀಪಗಳು ರಾತ್ರಿ ನಾಲ್ಕು ಗಂಟೆ ಉರಿದು, ಫೋನಿಗೂ ಚಾರ್ಜ್ ಉಳಿಯುತ್ತದೆ. ಹಂದಿ ಕಾಯುವ ಗುಡಿಸಲಿಗೆ ಇದು ಕಡಿಮೆಯದೇನಲ್ಲ.

ಇಷ್ಟೇ ಬೆಳಕಿಗೆ 50 ವ್ಯಾಟಿನ ಸೌರಫಲಕ ಸಾಕಲ್ಲವೇ ಎಂದು ಕೇಳಬಹುದು. ನಿಜ, ಬಿಸಿಲಿನ ತಿಂಗಳುಗಳಲ್ಲಿ ಅದೇ ಲೇಸು. ಸವೆಯುವ ಭಾಗಗಳೂ ಅದಕ್ಕಿಲ್ಲ. ಹಣವಿದ್ದವರು ಮೊದಲು ಅದನ್ನೇ ಕೊಳ್ಳಲಿ. ವಾರಗಟ್ಟಲೆ ಮೋಡ ಮುಸುಕಿ ಗಾಳಿ ಬೀಸುವ ಆಷಾಢ ಶ್ರಾವಣಗಳಲ್ಲಿ ಮಾತ್ರ ಡ್ರಮ್ಮು ಮುಂದು. ತಂತಮ್ಮ ಕಂಟ್ರೋಲರುಗಳ ಮೂಲಕ ಎರಡನ್ನೂ ಒಂದೇ ಬ್ಯಾಟರಿಗೆ ಕೂಡಿಸಬಹುದು.

ಬಿರುಗಾಳಿಯ ಸೂಚನೆ ಕಂಡೊಡನೆ, ಯಂತ್ರ ಇನ್ನೂ ನಿಧಾನ ತಿರುಗುತ್ತಿರುವಾಗಲೇ ಮೋಟಾರಿನ ಮೂರು ತಂತಿಗಳನ್ನು ಒಂದು ಸ್ವಿಚ್ಚಿನಿಂದ ಪರಸ್ಪರ ಕೂಡಿಸಿ ವೇಗ ತಗ್ಗಿಸಿ, ಬಳಿಕ ಹಗ್ಗದಿಂದ ಕಂಬಕ್ಕೆ ಕಟ್ಟಬೇಕು. ಜೋರಾಗಿ ತಿರುಗುತ್ತಿರುವ ಡ್ರಮ್ಮಿಗೆ ಕೈ ಹಾಕಬಾರದು. ಮುಂಗಾರಿಗೆ ಮೊದಲು ಬೇರಿಂಗಿಗೆ ಗ್ರೀಸು ತುಂಬಿ, ಬೋಲ್ಟುಗಳನ್ನೂ ಬಿಗಿತಂತಿಗಳನ್ನೂ ನೋಡಿ, ಡ್ರಮ್ಮಿನ ಕತ್ತರಿಸಿದ ಅಂಚುಗಳಿಗೆ ಮತ್ತೊಮ್ಮೆ ಬಣ್ಣ ಬಳಿಯಿರಿ. ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ.